ಕ್ಯಾಂಪಸ್ ಹೊರಗೂ ತೆರೆಯುವ ಲಿಂಕ್: ನನ್ನ ಅನುಭವ

ಬೆಂಗಳೂರಿನ ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಲೆಕ್ಚರರ್‌ಗಳು ಓದಿಸಬೇಕಾದ ಲೇಖನಗಳ ಪಟ್ಟಿ ಕೊಡುತ್ತಾರೆ. ಒಂದೊಂದಕ್ಕೂ ಲಿಂಕ್ ಮಾಡಿ ಆನ್‌ಲೈನ್ ಕ್ಲಾಸ್‌ರೂಮ್‌ಗೆ ಹಾಕುವುದು ನನ್ನ ಕೆಲಸ. ಸುಮ್ನೆ ಕಾಪಿ-ಪೇಸ್ಟ್ ಅಲ್ವಾ ಅನ್ನುವವರಿದ್ದಾರೆ. ಅಷ್ಟು ಸುಲಭವಲ್ಲ.

ಬ್ರೌಸರ್‌ನ ಮೇಲ್ಗಡೆ ಕಾಣುವ ವಿಳಾಸವನ್ನು ನಾನು ಹಾಗೇ ಹಾಕುವುದಿಲ್ಲ. ಎಷ್ಟೋ ಡೇಟಾಬೇಸ್‌ಗಳಲ್ಲಿ ಅದರೊಳಗೆ ನಾನು ಹುಡುಕಿದ ಪದ, ನನ್ನ ಲಾಗಿನ್‌ನ ಗುರುತು ಸೇರಿಕೊಂಡಿರುತ್ತದೆ. ನಾನು ಲಾಗ್‌ಔಟ್ ಆದರೆ ಅದರ ಕಥೆ ಮುಗಿಯಿತು.

ಮೊದಲು ನೋಡುವುದು ಡಿಒಐ, ಅಂದರೆ ಲೇಖನಕ್ಕೆ ಕೊಟ್ಟಿರುವ ಶಾಶ್ವತ ಗುರುತು. 10ರಿಂದ ಶುರುವಾಗುವ ಆ ಗುರುತಿನ ಮುಂದೆ ಡಿಒಐ ಡಾಟ್ ಆರ್ಗ್ ಸೇರಿಸಿದರೆ ಲಿಂಕ್ ಸಿದ್ಧ. ಜರ್ನಲ್ ಬೇರೆ ಪ್ರಕಾಶಕರ ಕೈಗೆ ಹೋದರೂ ಅವರು ಹೊಸ ವಿಳಾಸ ನೋಂದಾಯಿಸಿದರೆ ಸಾಕು, ಹಳೇ ಲಿಂಕೇ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ಡಿಒಐ ಇಲ್ಲದಿದ್ದರೆ, ಲೇಖನಗಳ ಡೇಟಾಬೇಸ್ ಆದ ಜೆಸ್ಟೋರ್‌ನ ‘ಸ್ಟೇಬಲ್’ ವಿಳಾಸ, ಅಂಥದ್ದೇ ಇನ್ನೊಂದಾದ ಎಬ್ಸ್ಕೊದಲ್ಲಾದರೆ ಪರ್ಮಾಲಿಂಕ್. ಎರಡೂ ಬದಲಾಗದ ಲಿಂಕ್‌ಗಳೇ. ಭಾರತದ ಪಿಎಚ್‌ಡಿ ಪ್ರಬಂಧಗಳ ಭಂಡಾರ ಶೋಧಗಂಗಾದ ಪ್ರಬಂಧಕ್ಕೆ ಪುಟದಲ್ಲೇ ಕೊಟ್ಟಿರುವ, 10603 ಇರುವ ‘ಹ್ಯಾಂಡಲ್’ ಅನ್ನುವ ಶಾಶ್ವತ ಲಿಂಕ್.

ಹಳೇ ಲೇಖನಗಳಲ್ಲಿ ಜಾಸ್ತಿ ಎಚ್ಚರ ಬೇಕು. 1990ರ ದಶಕದ ಕೆಲವು ಡಿಒಐಗಳಲ್ಲಿ ಬ್ರ್ಯಾಕೆಟ್, ಸೆಮಿಕೋಲನ್, ‘<’ ‘>’ ಚಿಹ್ನೆ ಎಲ್ಲಾ ಇರುತ್ತವೆ. ಮೆಸೇಜ್‌ನಲ್ಲಿ ಕಳಿಸಿದರೆ ಆ ಚಿಹ್ನೆಯ ಹತ್ತಿರ ಲಿಂಕ್ ತುಂಡಾಗಿಬಿಡಬಹುದು. ಅಂಥ ಕಡೆ ಚಿಹ್ನೆಯ ಬದಲು ‘%’ನಿಂದ ಶುರುವಾಗುವ ಅದರ ಸಂಕೇತ ಹಾಕುತ್ತೇನೆ.

ಇಷ್ಟು ಮಾಡಿದರೂ ಅರ್ಧ ಕೆಲಸ ಬಾಕಿ. ನಮ್ಮ ಮಕ್ಕಳು ಕೆಂಗೇರಿ, ಯಲಹಂಕ, ಹೊಸಕೋಟೆ ಕಡೆಯಿಂದ ಬರುವವರು. ಓದುವುದು ಬಸ್ಸಿನಲ್ಲಿ, ಮೆಟ್ರೊದಲ್ಲಿ, ಅದೂ ಫೋನಿನಲ್ಲೇ. ಕಾಲೇಜಿನ ಇಂಟರ್‌ನೆಟ್ ಆದರೆ ಪ್ರಕಾಶಕರ ಸೈಟ್ ನಮ್ಮ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ ನೋಡಿ ಒಳಗೆ ಬಿಡುತ್ತದೆ. ಹೊರಗಡೆ ದುಡ್ಡು ಕೇಳುತ್ತದೆ. ಅದಕ್ಕೇ ಪ್ರತಿ ಲಿಂಕಿನ ಮುಂದೆ ನಮ್ಮ ಈಜಿಪ್ರಾಕ್ಸಿಯ ವಿಳಾಸ ಸೇರಿಸುತ್ತೇನೆ. ಹೊರಗಿರುವವರನ್ನು ಕಾಲೇಜಿನ ಮೂಲಕ ಸೈಟಿಗೆ ಕಳಿಸುವ ಸಾಫ್ಟ್‌ವೇರ್ ಅದು. ಆಗ ಮೊದಲು ಕಾಲೇಜಿನ ಲಾಗಿನ್ ಬರುತ್ತದೆ, ಆಮೇಲೆ ಲೇಖನ. ಪ್ರಾಕ್ಸಿ ಮೂಲಕ ಒಳಗೆ ಹೋಗಿ ಅಲ್ಲಿಂದ ವಿಳಾಸ ಎತ್ತಿಕೊಳ್ಳಬಾರದು. ಅದರಲ್ಲಿ ಸೈಟಿನ ಹೆಸರಿನ ಚುಕ್ಕಿಗಳೆಲ್ಲ ಅಡ್ಡಗೆರೆಗಳಾಗಿ, ನಮ್ಮ ಪ್ರಾಕ್ಸಿಯ ಹೆಸರು ಬಾಲದಲ್ಲಿ ಅಂಟಿಕೊಂಡಿರುತ್ತದೆ. ಮುಂದೆ ಪ್ರಾಕ್ಸಿ ಬದಲಾದರೆ ಅದನ್ನು ಬಿಡಿಸಿ ಸರಿಮಾಡುವುದು ದೊಡ್ಡ ತಲೆನೋವು.

ಕಡೆಗೆ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಂದೊಂದನ್ನೂ ತೆರೆದು ನೋಡುತ್ತೇನೆ. ಆಗ ಕಾಲೇಜಿನ ಇಂಟರ್‌ನೆಟ್ಟೂ ಇರುವುದಿಲ್ಲ, ನನ್ನ ಹಳೇ ಲಾಗಿನ್ನೂ ಇರುವುದಿಲ್ಲ; ಹೊರಗಿರುವ ಮಕ್ಕಳಿಗೆ ತೆರೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಈ ಹಂತ ಬಿಡುವ ಹಾಗೇ ಇಲ್ಲ.

ಪಿಡಿಎಫ್ಅನ್ನೇ ಗ್ರೂಪಿಗೆ ಹಾಕಿದರೆ ಆಯ್ತಲ್ಲ ಅಂತ ಲೆಕ್ಚರರ್‌ಗಳು ಕೇಳುತ್ತಾರೆ. ಬೇಡ ಸರ್, ಅನ್ನುತ್ತೇನೆ. ಪ್ರಕಾಶಕರ ಜೊತೆಗಿನ ಎಷ್ಟೋ ಒಪ್ಪಂದಗಳಲ್ಲಿ ಅದಕ್ಕೆ ಅನುಮತಿ ಇರುವುದಿಲ್ಲ. ಇನ್ನೊಂದು, ಲಿಂಕಿನಿಂದ ತೆರೆದರೆ ಮಾತ್ರ ಬಳಕೆಯ ಲೆಕ್ಕಕ್ಕೆ ಬರುತ್ತದೆ. ಚಂದಾ ನವೀಕರಿಸುವಾಗ ಕಮಿಟಿ ನೋಡುವುದು ಆ ಅಂಕಿಗಳನ್ನೇ. ಮಕ್ಕಳು ನಿಜವಾಗಿ ಓದುತ್ತಿರುವ ಜರ್ನಲ್ ‘ಬಳಕೆ ಸೊನ್ನೆ’ ಅಂತ ಪಟ್ಟಿಯಿಂದ ಹೋಗುವುದು ನನಗೆ ಬೇಡ.