ಹದಿಹರೆಯದ ಮಕ್ಕಳ ಮೂಡು: ಏನು ಗಮನಿಸಬೇಕು, ಏನು ಬರೆದಿಡಬೇಕು

ಪಿಯುಸಿ ಓದುವ ಮಗ ಮಾತಿಗೆ ಮುಂಚೆ ರೇಗುತ್ತಾನೆ, ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಅಷ್ಟಕ್ಕೇ ಗಾಬರಿ ಬೇಡ, ಈ ವಯಸ್ಸಲ್ಲಿ ಅದೆಲ್ಲ ಇದ್ದದ್ದೇ. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಬೈಪೋಲಾರ್ (ಕೆಲವು ಕಾಲ ಮಿತಿಮೀರಿದ ಹುರುಪು, ಕೆಲವು ಕಾಲ ಖಿನ್ನತೆ ಬರುವ ಮಾನಸಿಕ ಕಾಯಿಲೆ) ಬರುವುದಿಲ್ಲ. ಆದರೆ ಬೈಪೋಲಾರ್ ಇರುವವರಲ್ಲಿ ಬಹಳ ಜನರಿಗೆ ಅದು ಹದಿಹರೆಯದಲ್ಲೋ 20ರ ಆಸುಪಾಸಿನಲ್ಲೋ ಶುರುವಾಗಿರುತ್ತದೆ, ಅದೂ ಎಷ್ಟೋ ಸಲ ಮೊದಲು ಖಿನ್ನತೆಯಾಗಿ.

ಮೂಡಿಗಿಂತ ಮೊದಲು ನಿದ್ದೆ ನೋಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು: ಎಷ್ಟು ಹೊತ್ತಿಗೆ ಮಲಗಿದ, ಯಾವಾಗ ಎದ್ದ, ಮಾರನೇ ದಿನ ಹೇಗಿದ್ದ. ಈ ಕೊನೆಯದೇ ಮುಖ್ಯ. ಪರೀಕ್ಷೆಗೆ ಓದಿ 3 ಗಂಟೆ ಮಲಗಿದ ಹುಡುಗ ಮರುದಿನ ತೂಕಡಿಸುತ್ತಾನೆ, ಅಲ್ವಾ? ಅಷ್ಟೇ ಮಲಗಿಯೂ ಸುಸ್ತೇ ಇಲ್ಲದೆ, ನಸುಕಿನಲ್ಲೇ ಎದ್ದು ಬೀರುವಿನ ಬಟ್ಟೆಯೆಲ್ಲ ಕೆಳಗೆ ಸುರಿದು, ಯಾರಿಗೂ ಬಾಯಿ ಹಾಕಲು ಬಿಡದೆ ಹೊಸ ಹೊಸ ಪ್ಲಾನ್ ಹೇಳುತ್ತಲೇ ಇದ್ದರೆ ಅದು ಬೇರೆ ವಿಷಯ. ಹೀಗೆ ಸತತ 4 ದಿನ ಆದರೆ ಹೈಪೋಮೇನಿಯಾ, ಅಂದರೆ ಈ ಮಿತಿಮೀರಿದ ಹುರುಪಿನ ಸೌಮ್ಯ ರೂಪ, ಇರಬಹುದಾ ಅಂತ ಡಾಕ್ಟರು ನೋಡುತ್ತಾರೆ. ವಾರವಾದರೆ, ಇಲ್ಲವೇ ಅದಕ್ಕೂ ಮೊದಲೇ ಕೈಮೀರಿದರೆ, ಅದರ ತೀವ್ರ ರೂಪವಾದ ಮೇನಿಯಾ ಇರಬಹುದು. ಸಂಜೆ ಬಂದು ರಾತ್ರಿಗೆ ಹೋಗುವ ಸಿಟ್ಟು ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಬೇಸರ, ಯಾವುದರಲ್ಲೂ ಆಸೆಯಿಲ್ಲದಿರುವುದು 2 ವಾರ ಬಿಡದೆ ಇದ್ದರೆ ತೋರಿಸಿ.

ಮನೆತನದ ವಿಷಯ ಮುಚ್ಚಿಡಬೇಡಿ. 'ಅವರ ಚಿಕ್ಕಪ್ಪನಿಗೆ ಸ್ವಲ್ಪ ಹಾಗಿತ್ತು' ಅಂತ ಪಿಸುಗುಟ್ಟಿ ಮುಗಿಸುತ್ತೇವಲ್ಲ, ಅದನ್ನೇ ಡಾಕ್ಟರಿಗೆ ಬಿಡಿಸಿ ಹೇಳಿ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಬೈಪೋಲಾರ್ ಇದ್ದರೆ ಸುಮಾರು 100ರಲ್ಲಿ 10 ಮಕ್ಕಳಿಗೆ ಬರಬಹುದು. ಉಳಿದ 90 ಮಂದಿಗೆ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಮನೆತನದ ಈ ವಿಷಯ ಗೊತ್ತಿಲ್ಲದೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಮೇನಿಯಾ ಕಡೆ ತಿರುಗುವುದುಂಟು. ಹಾಗಂತ ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮಗನ ಹತ್ತಿರ ಮಾತಾಡುವಾಗ ಅಜ್ಜಿ, ಅತ್ತೆ ಎಲ್ಲರೂ ಸುತ್ತ ಕೂತು ವಿಚಾರಣೆ ಮಾಡಬೇಡಿ. ಒಬ್ಬರೇ ಕೇಳಿ. 'ಸಾಯಬೇಕು ಅನ್ನಿಸುತ್ತಾ?' ಅಂತ ನೇರವಾಗಿ ಕೇಳಬಹುದು, ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆಸ್ಪತ್ರೆಯಲ್ಲದೆ ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಿ. ಹೋಗುವಾಗ ಆ ಕ್ಯಾಲೆಂಡರ್ ಹಾಳೆ ಮರೆಯಬೇಡಿ. ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರೆ ಸುಮ್ನೆ ಖರ್ಚು ಅಂತ ಬಿಡಬೇಡಿ, ಅದರ ಏರುಪೇರಿನಿಂದಲೂ ಮೂಡು ಹೀಗೆ ಆಡಬಹುದು.