ಯಾವ ಸಾರವನ್ನು ಮುಂದಕ್ಕೆ ಒಯ್ಯುವುದು? ನಾನು ಆರಿಸುವ ರೀತಿ

ಫ್ರೀಜರ್ ತುಂಬ ಗಿಡಗಳ ಸಾರ ಇರುತ್ತದೆ. ಕಾಸು ಮತ್ತು ಸಮಯ ಇರುವುದು ಒಂದೆರಡರ ಒಳಗಿನ ಪದಾರ್ಥಗಳನ್ನು ಬಿಡಿಸಿ ನೋಡಲು ಮಾತ್ರ. ಬೆಂಗಳೂರಿನ ಲ್ಯಾಬ್‌ನಲ್ಲಿ ಮಲೆನಾಡಿನ ಗಿಡಗಳ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವುದು ನನ್ನ ಕೆಲಸ. ಹೊಸ ವಿದ್ಯಾರ್ಥಿಗಳು ಐಸಿ50 ಪಟ್ಟಿ ತಂದು, ಎಲ್ಲಕ್ಕಿಂತ ಕಡಿಮೆ ಅಂಕಿ ಇರುವುದನ್ನು ತೋರಿಸಿ "ಸರ್, ಇದೇ" ಅನ್ನುತ್ತಾರೆ. ಐಸಿ50 ಅಂದರೆ ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರಮಾಣ. ಅದು ಎಷ್ಟು ಅನ್ನುವುದಕ್ಕಿಂತ ಯಾಕೆ ಅನ್ನುವುದು ನನಗೆ ಮುಖ್ಯ.

ಕಚ್ಚಾ ಸಾರ ಮಿಲಿಲೀಟರ್‌ಗೆ 20-30 ಮೈಕ್ರೋಗ್ರಾಂ ಒಳಗೆ ಕೆಲಸ ಮಾಡಿದರೆ ನೋಡುತ್ತೇನೆ, 100 ದಾಟಿದರೆ ಬಿಡುತ್ತೇನೆ. ಇಷ್ಟು ಸುಲಭ. ಕಷ್ಟ ಶುರುವಾಗುವುದು ಆಮೇಲೆ.

ಅಂಟುವಾಳ ತಗೊಳ್ಳಿ. ಕೋಶಗಳನ್ನು ಚೆನ್ನಾಗಿ ಕೊಲ್ಲುತ್ತದೆ, ಯಾಕೆಂದರೆ ಅದರ ಸಪೋನಿನ್ ಕೋಶದ ಪೊರೆಯನ್ನೇ ಒಡೆಯುತ್ತದೆ. ಸೋಪು ಹಾಕಿದರೂ ಅಷ್ಟೇ ಅಲ್ವಾ? ಹಾಗಾಗಿ ಸಾರವನ್ನು ಮೊದಲು ಕೆಂಪು ರಕ್ತಕಣಗಳ ಮೇಲೆ ಹಾಕುತ್ತೇನೆ, ಅವು ಒಡೆದರೆ ಅದು ಪಟ್ಟಿಯಿಂದ ಹೊರಗೆ. ಅಳಲೆಕಾಯಿಯದು ಬೇರೆ ತೊಂದರೆ. ಅದರ ತುಂಬ ಟ್ಯಾನಿನ್, ಸಿಕ್ಕ ಪ್ರೋಟೀನ್‌ಗೆಲ್ಲ ಅಂಟಿಕೊಳ್ಳುತ್ತದೆ, ಹಾಗಾಗಿ ಯಾವ ಎನ್‌ಜೈಮ್ ಪರೀಕ್ಷೆಗೆ ಹಾಕಿದರೂ ಪಾಸು. ಪಾಲಿಅಮೈಡ್ ಮೇಲೆ ಹಾಯಿಸಿ ಟ್ಯಾನಿನ್ ತೆಗೆದು ಮತ್ತೆ ನೋಡುತ್ತೇನೆ. ಗುಣ ಪೂರ್ತಿ ಮಾಯವಾದರೆ ನಾನು ಅದರ ಹಿಂದೆ ಹೋಗುವುದಿಲ್ಲ. ಡಿಪಿಪಿಎಚ್ (ಆ್ಯಂಟಿಆಕ್ಸಿಡೆಂಟ್ ಗುಣ ನೋಡುವ ಪರೀಕ್ಷೆ) ಫಲಿತಾಂಶ ಒಂದನ್ನೇ ಹಿಡಿದು ಬರುವವರಿಗಂತೂ ಟೀ ಪುಡಿ ಹಾಕಿ ನೋಡಿ ಅನ್ನುತ್ತೇನೆ, ಅದೂ ಚೆನ್ನಾಗೇ ಬರುತ್ತದೆ.

ಪರೀಕ್ಷೆಯೇ ಸುಳ್ಳು ಹೇಳುವುದೂ ಉಂಟು. ಕೋಶ ಬದುಕಿದೆಯಾ ಅಂತ ಬಣ್ಣದಿಂದ ಹೇಳುವ ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ಆದರೆ ಗಿಡದ ಎಷ್ಟೋ ಪಾಲಿಫಿನಾಲ್‌ಗಳು ಕೋಶವೇ ಇಲ್ಲದೆ ಅದೇ ಕೆಲಸ ಮಾಡುತ್ತವೆ. ಆಗ ಸತ್ತ ಕೋಶಗಳೂ ಬದುಕಿದ ಹಾಗೆ ಕಾಣುತ್ತವೆ, ಒಳ್ಳೆಯ ಸಾರವೊಂದು ಸುಮ್ನೆ ಕೈತಪ್ಪಿ ಹೋಗುತ್ತದೆ. ಪ್ರತಿ ಪ್ಲೇಟಿನಲ್ಲೂ ಕೋಶವಿಲ್ಲದ ವೆಲ್‌ಗಳಿಗೆ (ಪ್ಲೇಟಿನ ಗುಳಿಗಳಿಗೆ) ಸಾರ ಹಾಕಿ ಇಡುವುದು ಅದಕ್ಕೇ. ಜೊತೆಗೆ ಆರೋಗ್ಯವಂತ ಕೋಶಗಳೂ ಬೇಕು. ಎರಡನ್ನೂ ಒಂದೇ ಪ್ರಮಾಣದಲ್ಲಿ ಕೊಲ್ಲುವುದು ಔಷಧ ಅಲ್ಲ, ವಿಷ.

ಇಷ್ಟಾದ ಮೇಲೆ ಎಲ್‌ಸಿ-ಎಂಎಸ್, ಅಂದರೆ ಸಾರದ ಪದಾರ್ಥಗಳನ್ನು ಬೇರ್ಪಡಿಸಿ ಅವುಗಳ ಅಣುತೂಕ ಹೇಳುವ ಯಂತ್ರ. ಮರದರಿಶಿನದ ಸಾರ ಹಾಕಿದರೆ 336ರ ತೂಕದಲ್ಲಿ ದೊಡ್ಡ ಪೀಕ್ ಬರುತ್ತದೆ, ಬರ್ಬೆರಿನ್. ಅದರ ಬಗ್ಗೆ ಈಗಾಗಲೇ ರಾಶಿ ಪೇಪರ್‌ಗಳಿವೆ, ಹೊಸದಾಗಿ ಕಂಡುಹಿಡಿಯಲು ಏನೂ ಇಲ್ಲ. ಮೇಲಾಗಿ ಆ ಬಳ್ಳಿಯೇ ಕಾಡಿನಲ್ಲಿ ಅಪರೂಪವಾಗಿದೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಅನ್ನುವ ಪದಾರ್ಥದ ಕಥೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. 1966ರಲ್ಲಿ ವಾಲ್ ಮತ್ತು ವಾಣಿ ಅದನ್ನು ಚೀನಾದ ಮರವೊಂದರಿಂದ ತೆಗೆದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಘಟ್ಟದ ನೊಥಾಪೊಡೈಟಿಸ್ ಮರದಲ್ಲೂ ಅದೇ ಇದೆ ಅಂತ ತೋರಿಸಿದರು. ಕ್ಯಾಂಪ್ಟೊಥೆಸಿನ್‌ನಿಂದ ಟೊಪೊಟೆಕಾನ್, ಇರಿನೊಟೆಕಾನ್ ಅನ್ನುವ ಕ್ಯಾನ್ಸರ್ ಔಷಧಗಳು ಬಂದವು, ಬೇಡಿಕೆಯೂ ಬಂತು, ಮರಗಳು ಉರುಳಿದವು. ಹಾಗಾಗಿ ಎರಡು ಸಾರ ಒಂದೇ ಮಟ್ಟದಲ್ಲಿದ್ದರೆ ನಾನು ಎಲೆಯದನ್ನು ಆರಿಸುತ್ತೇನೆ, ಬೇರು ತೊಗಟೆಯದನ್ನಲ್ಲ.

ಉಳಿದದ್ದಕ್ಕೆ ಗಿಡವನ್ನು ಮತ್ತೆ ತರಿಸುತ್ತೇನೆ, ಬೇರೆ ಜಾಗದಿಂದ, ಬೇರೆ ಕಾಲದಲ್ಲಿ. ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹದಲ್ಲಿ) ಮಾದರಿ ಇಟ್ಟಿಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ, ಅದೇ ಗಿಡವೇ ಅಂತ ಯಾರು ಹೇಳಬೇಕು? ಗುಣ ಮತ್ತೆ ಕಂಡರೆ ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯೂಟನಾಲ್ ಅಂತ ಬೇರೆ ಬೇರೆ ದ್ರಾವಕಗಳಲ್ಲಿ ಪಾಲು ಮಾಡುತ್ತೇನೆ. ಎಲ್ಲ ಪಾಲಿನಲ್ಲೂ ಸ್ವಲ್ಪ ಸ್ವಲ್ಪ ಕಂಡರೆ ನನಗೆ ಉತ್ಸಾಹ ಇರುವುದಿಲ್ಲ. ಒಂದೇ ಪಾಲಿನಲ್ಲಿ ಶಕ್ತಿ ಹೆಚ್ಚಿ, ಅದರ ಮುಖ್ಯ ಪೀಕ್ ಯಾವ ಡೇಟಾಬೇಸ್‌ಗೂ ಹೊಂದದಿದ್ದರೆ, ಆಗ ಅಣುವಿನ ರಚನೆ ಬಿಡಿಸಿ ಹೇಳುವ ಎನ್‌ಎಂಆರ್‌ನವರಿಗೆ ಫೋನ್ ಮಾಡುತ್ತೇನೆ.