ಅನಿಲ ತುಂಬುವ ಬಾವಿಯ ಬುಡದಲ್ಲಿ ಉಪ್ಪು ಕಟ್ಟಿದರೆ

ಕಾರ್ಬನ್ ಡೈಆಕ್ಸೈಡನ್ನು ನೆಲದಾಳದ ಮರಳುಗಲ್ಲಿಗೆ ತುಂಬುವಾಗ ಬಾವಿಯ ಒತ್ತಡ ಏರತೊಡಗಿದರೆ ತಕ್ಷಣ ನೀರು ಹಾಯಿಸಲು ಹೋಗಬೇಡಿ. ಮೊದಲು ಪಂಪ್ ನಿಲ್ಲಿಸಿ, ಬಾವಿಯ ತಳದ ಒತ್ತಡ ಹೇಗೆ ಇಳಿಯುತ್ತದೆ ನೋಡಿ. ಸರ್ರನೆ ಕುಸಿದು ಶಿಲೆಯ ಮೂಲ ಒತ್ತಡದ ಹತ್ತಿರ ನಿಂತರೆ ಅಡಚಣೆ ಬಾವಿಯ ಪಕ್ಕದಲ್ಲೇ ಇದೆ, ಉಪ್ಪಿನ ಅನುಮಾನ ಬಲವಾಗುತ್ತದೆ. ನಿಧಾನವಾಗಿ ಇಳಿದು ಎತ್ತರದಲ್ಲೇ ಉಳಿದರೆ ಶಿಲೆಯೇ ತುಂಬಿಕೊಳ್ಳುತ್ತಿದೆ, ತೊಳೆದು ಪ್ರಯೋಜನವಿಲ್ಲ. ನಾರ್ವೆಯ ಅನಿಲ ಕ್ಷೇತ್ರ ಸ್ನೋವಿಟ್‌ನಲ್ಲಿ ಇವೆರಡೂ ಒಂದರ ಹಿಂದೊಂದು ಬಂದವು. 2008ರಲ್ಲಿ ಟೂಬೋಯೆನ್ ಪದರಕ್ಕೆ ತುಂಬಲು ಶುರುಮಾಡಿದಾಗ ಕಟ್ಟಿದ ಉಪ್ಪು ಗ್ಲೈಕಾಲ್ ಎಂಬ ದ್ರವದ ಮಿಶ್ರಣಕ್ಕೆ ಬಗ್ಗಿತು. ಒತ್ತಡ ಮಾತ್ರ ಏರುತ್ತಲೇ ಹೋಯಿತು. ಆ ಪದರದಲ್ಲಿ ಜಾಗವೇ ಸಾಲದೆ, 2011ರಲ್ಲಿ ಮೇಲಿನ ಸ್ಟೋ ಪದರಕ್ಕೆ ಬದಲಾಯಿಸಬೇಕಾಯಿತು.

ಶಿಲೆಯ ರಂಧ್ರಗಳಲ್ಲಿ ಉಪ್ಪುನೀರಿರುತ್ತದೆ; ಉಪ್ಪಿನ ಆಗರದಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಒಣ ಅನಿಲ ಮಾಡುತ್ತದೆ. ಇನ್ನಷ್ಟು ಉಪ್ಪು ಕರಗದಷ್ಟು ತುಂಬಿದ ಒಂದು ಲೀಟರ್ ಉಪ್ಪುನೀರಿನಲ್ಲಿ ಸುಮಾರು 315 ಗ್ರಾಂ ಉಪ್ಪಿರುತ್ತದೆ. ಗಟ್ಟಿಯಾದಾಗ ಅದರ ಗಾತ್ರ 0.15 ಲೀಟರ್. ಅನಿಲ ಅರ್ಧ ಉಪ್ಪುನೀರನ್ನು ಮುಂದೆ ತಳ್ಳಿ ಉಳಿದರ್ಧವನ್ನು ಒಣಗಿಸಿದರೆ ರಂಧ್ರಗಳ ಶೇ. 7ರಷ್ಟು ಜಾಗ ಉಪ್ಪಿನ ಪಾಲು. ಇಷ್ಟೇ ತಾನೆ ಅನ್ನುವಂತಿಲ್ಲ: ಹರಳು ರಂಧ್ರದ ಕುತ್ತಿಗೆಯಲ್ಲಿ ಕೂತರೆ ದಾರಿಯೇ ಮುಚ್ಚುತ್ತದೆ. ಸಾಲದ್ದಕ್ಕೆ, ಬತ್ತಿ ಎಣ್ಣೆ ಹೀರುವಂತೆ ಒಣಗಿದ ಕಲ್ಲು ದೂರದ ಉಪ್ಪುನೀರನ್ನು ಬಾವಿಯತ್ತ ಎಳೆಯುತ್ತಲೇ ಇರುತ್ತದೆ. ಅನಿಲದ ವೇಗ ಕಡಿಮೆಯಾದಷ್ಟೂ ಈ ಎಳೆತದ್ದೇ ಮೇಲುಗೈ. ಆದ್ದರಿಂದ ತೀರಾ ನಿಧಾನವಾಗಿ ತುಂಬಬೇಡಿ, ಪದೇ ಪದೇ ನಿಲ್ಲಿಸಬೇಡಿ.

ತೊಳೆಯುವ ನೀರಿನ ಲೆಕ್ಕ ಹೀಗೆ. ಪದರದ ದಪ್ಪ 20 ಮೀಟರ್, ರಂಧ್ರಾಂಶ (ಶಿಲೆಯಲ್ಲಿ ರಂಧ್ರಗಳ ಪಾಲು) ಶೇ. 20, ಉಪ್ಪು ಬಾವಿಯ ಸುತ್ತ 2 ಮೀಟರ್‌ವರೆಗೆ ಎಂದುಕೊಳ್ಳಿ. ರಂಧ್ರಗಳ ಒಟ್ಟು ಗಾತ್ರ 50 ಘನ ಮೀಟರ್. ಅದರ ಶೇ. 7 ಎಂದರೆ ಏಳೂವರೆ ಟನ್ ಉಪ್ಪು. ಒಂದು ಘನ ಮೀಟರ್ ಸಿಹಿನೀರು ಸುಮಾರು 360 ಕಿಲೋ ಕರಗಿಸುವುದರಿಂದ ಕನಿಷ್ಠ 21 ಘನ ಮೀಟರ್ ಬೇಕು. ನೀರು ಎಲ್ಲ ಕಡೆಗೂ ಸಮನಾಗಿ ಹರಿಯುವುದಿಲ್ಲ, ಹಾಗಾಗಿ 50ರಿಂದ 100 ಇಟ್ಟುಕೊಳ್ಳಿ.

ಬರೀ ಸಿಹಿನೀರು ಹಾಯಿಸಿದರೆ ಶಿಲೆಯಲ್ಲಿರುವ ಜೇಡಿ ಉಬ್ಬಿ ಹೊಸ ಅಡಚಣೆ ಆಗಬಹುದು, ಶೇ. 2 ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ. ಸಮುದ್ರದ ನೀರು ಅಗ್ಗವೆಂದು ಬಳಸುವ ಮುನ್ನ ಶಿಲೆಯ ನೀರಿನಲ್ಲಿ ಬೇರಿಯಂ ಇದೆಯೇ ಪರೀಕ್ಷಿಸಿ. ಇದ್ದರೆ ಸಮುದ್ರದ ಸಲ್ಫೇಟ್ ಜೊತೆ ಸೇರಿ ಬೇರಿಯಂ ಸಲ್ಫೇಟ್ ಕಟ್ಟುತ್ತದೆ, ಅದು ಯಾವ ನೀರಿಗೂ ಕರಗದು. ನೀರಿನ ಆಮ್ಲಜನಕ ತೆಗೆಯಿರಿ. ಅನಿಲಕ್ಕೂ ನೀರಿಗೂ ನಡುವೆ ಗ್ಲೈಕಾಲ್ ಹಾಯಿಸಿ. ಇಲ್ಲದಿದ್ದರೆ ಬಾವಿಯ ತಣ್ಣನೆಯ ಮೇಲ್ಭಾಗದಲ್ಲಿ, 10 ಡಿಗ್ರಿಗಿಂತ ಕೆಳಗೆ, ಎರಡೂ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಆಗಿ ಕೊಳವೆಯನ್ನೇ ಮುಚ್ಚಬಹುದು. ಒದ್ದೆ ಅನಿಲ ಸಾದಾ ಉಕ್ಕನ್ನು ತಿನ್ನುತ್ತದೆ ಎನ್ನುವುದೂ ನೆನಪಿರಲಿ. ಹಾಯಿಸುವ ಒತ್ತಡ ಶಿಲೆ ಬಿರಿಯುವ ಒತ್ತಡದ ಶೇ. 90 ದಾಟಬಾರದು.

ಕೆಲವು ಗಂಟೆ ನೆನೆಯಲು ಬಿಟ್ಟು, ಪೂರ್ಣ ವೇಗದಲ್ಲೇ ಅನಿಲ ಶುರುಮಾಡಿ. ತುಂಬುವ ವೇಗವನ್ನು ಬಾವಿಯ ತಳ ಮತ್ತು ಶಿಲೆಯ ಒತ್ತಡಗಳ ವ್ಯತ್ಯಾಸದಿಂದ ಭಾಗಿಸಿ ದಿನವೂ ಬರೆದಿಡಿ. ತೊಳೆದ ಮೇಲೂ ಈ ಅಂಕಿ ಮೇಲೇಳದಿದ್ದರೆ ಇನ್ನೊಮ್ಮೆ ತೊಳೆಯಬೇಡಿ. ಜೇಡಿಯನ್ನೋ ಸಲ್ಫೇಟನ್ನೋ ಹುಡುಕಿ.